ಅಪ್ಪನ ರೈಫಲ್ಲಿಗೆ ಸೌಮ್ಯ ಕಟ್ಟಿದ ಬೆಲೆ

ಪುಟ್ಟಮಾದಪ್ಪನವರದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಆದರೂ ಅವರ ಬೀರುವಿನಲ್ಲಿ ಒಂದು ಬೇಟೆಯ ರೈಫಲ್ ಇತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಇಂಗ್ಲಿಷ್ ದೊರೆಯೊಬ್ಬ ದೇಶ ಬಿಟ್ಟು ಹೊರಟಾಗ ಅದನ್ನು ಅವರ ತಂದೆಗೆ ಮಾರಿ ಹೋಗಿದ್ದ. ಈ ಮನೆಗೆ ಬಂದ ಮೇಲೆ ಅದರಿಂದ ಒಂದು ಮೊಲವೂ ಸತ್ತಿರಲಿಲ್ಲ. ಯಳಂದೂರಿನ ಪಕ್ಕದ ಅವರ ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಆಕಾಶಕ್ಕೊಂದು ಗುಂಡು ಹಾರಿಸುತ್ತಿದ್ದರು, ಅಷ್ಟೆ. ಪುಟ್ಟಮಾದಪ್ಪನವರು ಮಾತ್ರ ಹರೆಯದಲ್ಲಿ ಮೈಸೂರಿನ ಗುರಿ ಪಂದ್ಯಗಳಿಗೆ ಅದನ್ನು ಹೆಗಲಿಗೇರಿಸಿಕೊಂಡು ಹೋಗಿ ಗೆದ್ದು ಬರುತ್ತಿದ್ದರು.

ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈ ಸೋತಿತು. ಕೈಗೆ ಏನಾದರೂ ಕೆಲಸ ಕೊಡುತ್ತಾ ಇರಿ ಎಂದು ಡಾಕ್ಟರು ಹೇಳಿದರು. ಬೇರೆಯವರಾದರೆ ರಬ್ಬರ್ ಚೆಂಡು ಹಿಸುಕುತ್ತಿದ್ದರೇನೋ. ಇವರು ರೈಫಲ್ಲಿನ ಮರದ ಹಿಡಿಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಕಪ್ಪಾಗಿ ಸಿಪ್ಪೆ ಎದ್ದಿದ್ದ ಹಳೆಯ ವಾರ್ನಿಷನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆದರು. ಅಗಸೆ ಎಣ್ಣೆ ಹಚ್ಚುವುದು, ಅಂಗೈಯಿಂದ ಉಜ್ಜುವುದು, ಒಣಗಲು ಬಿಡುವುದು, ಮತ್ತೆ ಹಚ್ಚುವುದು. ಮೊದಮೊದಲು ಕೈ ಎತ್ತ ಬೇಕಾದರತ್ತ ಜಾರುತ್ತಿತ್ತು. ಬೇಸಿಗೆ ಬಂದು ಹೋಗುವಷ್ಟರಲ್ಲಿ ಮರದ ಗೆರೆಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದ್ದವು. ಪುಟ್ಟಮಾದಪ್ಪನವರು ಬಲಗೈಯಲ್ಲೇ ಕಾಫಿ ಲೋಟ ಹಿಡಿಯುತ್ತಿದ್ದರು. ಆಮೇಲೆ ನಳಿಗೆಗೂ ಮೈಸೂರಿನಲ್ಲಿ ಹೊಸದಾಗಿ ನೀಲಿಗಪ್ಪು ಬಣ್ಣ ಹಾಕಿಸಿಕೊಂಡು ಬಂದರು.

ಲೈಸೆನ್ಸ್ ನವೀಕರಿಸುವ ಕಾಲ ಹತ್ತಿರವಾದಾಗ ಅವರೇ ಒಂದು ದಿನ ಮಗಳನ್ನು ಕರೆದರು.

"ಇನ್ನು ನಂಗ್ಯಾಕವ್ವ ಇದು? ಬೀರುನಲ್ಲಿ ಸುಮ್ನೆ ಮಲಗೋ ಮಾಲಲ್ಲ. ಗುರಿ ವಡಿಯೋರ ಕೈಗೆ ಓಗ್ಲಿ. ಆದ್ರೆ ಬೆಲೆ ನೀನೇ ಕಟ್ಬೇಕು."

ಸೌಮ್ಯಳ ಕಸುಬೇ ಬೆಲೆ ಕಟ್ಟುವುದು. ಕೊಳ್ಳೇಗಾಲದಲ್ಲಿ ಇನ್ಶೂರೆನ್ಸ್ ಸರ್ವೇಯರ್ ಆಗಿದ್ದ ಅವಳು ಗುದ್ದಿದ ಲಾರಿ, ಮಗುಚಿದ ಟ್ರ್ಯಾಕ್ಟರುಗಳ ಸುತ್ತ ಒಂದು ಸುತ್ತು ಬಂದರೆ ಸಾಕು, ಹೊಸ ಬಣ್ಣದ ಕೆಳಗೆ ಏನು ಮುಚ್ಚಿಟ್ಟಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ಈ ಸಲ ಬಣ್ಣ ಬಳಿದವರು ಅಪ್ಪನೇ ಆಗಿದ್ದರು.

ಮೊದಲು ಬಂದದ್ದು ದೂರದ ಊರಿನ ಬಂದೂಕಿನ ವ್ಯಾಪಾರಿ. ರೈಫಲ್ಲನ್ನು ಬೆಳಕಿಗೆ ಹಿಡಿದು ನೋಡಿ ತುಟಿ ಓರೆ ಮಾಡಿದ.

"ಕೆಡಿಸಿಬಿಟ್ಟಿದ್ದೀರಿ ಯಜಮಾನ್ರೇ. ಹಳೇ ಮಾಲು ಹಳೇದರ ಹಾಗೇ ಇದ್ದರೆ ಬೆಲೆ. ಈಗ ನಲವತ್ತು ಸಾವಿರ ಕೊಡಬಹುದು, ಅದೂ ನಿಮ್ಮ ಮುಖ ನೋಡಿ."

ಪುಟ್ಟಮಾದಪ್ಪನವರು ಅವತ್ತು ರಾತ್ರಿ ಊಟಕ್ಕೂ ಏಳಲಿಲ್ಲ.

ವಿಷಯ ಕೇಳಿ ಸೌಮ್ಯಳ ದೊಡ್ಡಪ್ಪನ ಮಗ ಶಾಂತಮೂರ್ತಿ ಸತ್ತೇಗಾಲದಿಂದ ಬೈಕು ಹತ್ತಿ ಬಂದ. ಅಕ್ಕಿ ವ್ಯಾಪಾರದಲ್ಲಿ ಪಳಗಿದ ಆಸಾಮಿ.

"ಪಾಲಿಶ್ ಮಾಡಿಸೀವಿ ಅಂತ ಯಾಕವ್ವ ಬಾಯ್ಬುಡ್ತೀರಿ? ದೊರೆ ಕಾಲದಿಂದ ಇಂಗೇ ಅದೆ, ಬಟ್ಟೇಲಿ ಸುತ್ತಿ ಮಡಗಿದ್ವಿ ಅನ್ನು. ಮೂರು ಲಕ್ಷಕ್ಕೆ ನಾನು ಗಿರಾಕಿ ತರ್ತೀನಿ."

"ನಾಳೆ ಗೊತ್ತಾದರೆ?"

"ಗೊತ್ತಾಗೋ ಒತ್ಗೆ ದುಡ್ಡು ನಮ್ ಕೈಲಿರ್ತದೆ ಕಣವ್ವ."

ಒಬ್ಬ ನಲವತ್ತು ಸಾವಿರ, ಇನ್ನೊಬ್ಬ ಮೂರು ಲಕ್ಷ. ಇಬ್ಬರ ಮಾತೂ ಸೌಮ್ಯಳ ಮನಸ್ಸಿಗೆ ಒಪ್ಪಲಿಲ್ಲ. ಬಂದೂಕಿನ ವಿಷಯದಲ್ಲಿ ತನಗೆ ಏನೂ ತಿಳಿಯದು ಎಂಬುದನ್ನು ಒಪ್ಪಿಕೊಂಡು ಅವಳು ಕೇಳಲು ಹೊರಟಳು. ಹಳೆಯ ಬಂದೂಕು ಸಂಗ್ರಹಿಸುವವರಿಗೆ ಫೋನ್ ಮಾಡಿದಳು, ಹನೂರು ರಸ್ತೆಯ ರೈಫಲ್ ಕ್ಲಬ್ಬಿನ ಕೋಚನ್ನು ಮನೆಗೇ ಕರೆಸಿದಳು. ಅವರು ನಳಿಗೆಯೊಳಗೆ ಟಾರ್ಚ್ ಬಿಟ್ಟು ತೋರಿಸಿದರು: ಒಳಗಿನ ಸುರುಳಿ ಗೆರೆಗಳು ಚೂರೂ ಸವೆದಿರಲಿಲ್ಲ, ತುಕ್ಕಿನ ಒಂದು ಚುಕ್ಕೆಯಿರಲಿಲ್ಲ. ನಳಿಗೆಯ ಮೇಲಿನ ನಂಬರೂ ಗುಂಡು ತುಂಬಲು ಎಳೆಯುವ ಬೋಲ್ಟಿನ ಮೇಲಿನ ನಂಬರೂ ಒಂದೇ, ಎಂದರೆ ಯಾವ ಭಾಗವೂ ಬದಲಾಗಿಲ್ಲ. ಈ ಅಳತೆಯ ಗುಂಡು ಇವತ್ತಿಗೂ ಸಿಗುತ್ತದೆ. ಆದರೆ ದೊರೆಯ ಕಾಲದ ಮೇಲ್ಮೈ ಹೋಯಿತು, ಅದು ಮತ್ತೆ ಬರುವುದಿಲ್ಲ. ಸಂಗ್ರಹಕಾರರ ಲೆಕ್ಕದಲ್ಲಿ ಅರ್ಧ ಬೆಲೆ ಅದರ ಜೊತೆಗೇ ಹೋಯಿತು. ಎಲ್ಲವನ್ನೂ ತೂಗಿ ನೋಡಿ ಸೌಮ್ಯ ಮನಸ್ಸಿನಲ್ಲೇ ಒಂದು ಬೆಲೆ ಗಟ್ಟಿ ಮಾಡಿಕೊಂಡಳು. ಅಪ್ಪನ ಎದುರಿಗೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ ಎಂಬ ಚಿಂತೆಯೊಂದೇ ಉಳಿಯಿತು.

ಕೋಚ್ ಹೇಳಿ ಕಳಿಸಿದ ಗಿರಾಕಿ ಹನೂರಿನ ಮಾದಸ್ವಾಮಿ. ಜೋಳ, ಅರಿಶಿನ ಬೆಳೆಯುವ ರೈತ. ಗುರಿ ಹೊಡೆಯುವ ಹುಚ್ಚಿನವನು. ರೈಫಲ್ ಕೊಳ್ಳಲು ಪರ್ಮಿಶನ್ ತೆಗೆದಿಟ್ಟುಕೊಂಡಿದ್ದ. ಕ್ಲಬ್ಬಿನ ರೇಂಜಿನಲ್ಲೇ ನೋಡೋಣ ಎಂದ. ಸೌಮ್ಯ ಅಪ್ಪನನ್ನೂ ರೈಫಲ್ಲನ್ನೂ ಕಾರಿನಲ್ಲಿ ಕೂರಿಸಿಕೊಂಡು ಕೊಳ್ಳೇಗಾಲ ದಾಟಿ ಹೊರಟಳು. ಹಿಂದಿನ ಸೀಟಿನಲ್ಲಿ ಶಾಂತಮೂರ್ತಿ, ಕರೆಯದಿದ್ದರೂ ಬಂದು ಕೂತಿದ್ದ.

ಮಾದಸ್ವಾಮಿ ರೈಫಲ್ಲನ್ನು ಕೈಗೆ ತಕ್ಕೊಂಡವನೇ ಹಿಡಿಯ ಮೇಲೆ ಬೆರಳಾಡಿಸಿ, "ಆಹಾ, ಏನು ಮಡಗೀರಾ ಸಾ! ದೊರೆ ಕಾಲದ ಪಾಲಿಶ್ಶೇ ಅಲ್ವಾ ಇದು?" ಎಂದ.

ಶಾಂತಮೂರ್ತಿ ಬಾಯಿ ತೆರೆದ. ಸೌಮ್ಯ ಅವನಿಗೆ ಅವಕಾಶ ಕೊಡಲಿಲ್ಲ.

"ಅಲ್ಲ. ಹಿಡಿಯನ್ನ ನಮ್ಮಪ್ಪ ಹೋದ ವರ್ಷ ಕೈಯಾರೆ ಮಾಡಿದ್ದು. ನಳಿಗೆಗೂ ಹೊಸ ಬಣ್ಣ. ಹಳೇದು ಹಾಗೇ ಇದ್ದಿದ್ದರೆ ಎರಡೂವರೆ ಲಕ್ಷಕ್ಕೆ ಕಮ್ಮಿ ಇಲ್ಲದೆ ಹೋಗೋದು. ಈಗ ಅರ್ಧ ಬೆಲೆ ಹೋಗಿದೆ. ಆದರೆ ಒಳಗೆ ನಳಿಗೆ ಹೊಸದರ ಹಾಗಿದೆ, ಗುರಿಗೆ ಬಾಳುತ್ತೆ. ನನ್ನ ಲೆಕ್ಕಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಮ್ಮಿಯಿಲ್ಲ."

ಹೇಳಿ ಮುಗಿಸಿದ ಮೇಲೆ ಅಪ್ಪನ ಕಡೆ ತಿರುಗಲು ಅವಳಿಗೆ ಧೈರ್ಯ ಸಾಲಲಿಲ್ಲ. 'ನಿನ್ನ ಒಂದು ವರ್ಷದ ದುಡಿಮೆ ಬೆಲೆಯನ್ನು ಇಳಿಸಿತು' ಎಂದು ಪರರ ಮುಂದೆ ಹೇಳಿದ ಹಾಗಾಗಿತ್ತು.

ಪುಟ್ಟಮಾದಪ್ಪನವರು ಮಾದಸ್ವಾಮಿಯ ಕಡೆ ತಿರುಗಿದರು. "ನನ್ ಮಗಳು ಸುಳ್ಳು ಬೆಲೆ ಕಟ್ಟದಿಲ್ಲ ಕಣಪ್ಪ, ಅವ್ರಪ್ಪುನ್ ಮಾಲಿಗೂವೆ. ಅದ್ಕೇ ಅವಳ ಕೈಲಿ ಕಟ್ಸುದ್ದು" ಎಂದರು. ಅವರ ಮುಖದಲ್ಲಿ ನೋವಿರಲಿಲ್ಲ. ಪಂದ್ಯ ಗೆದ್ದು ಬಂದ ದಿನದ ಗತ್ತಿತ್ತು. "ಬಾಯ್ಮಾತು ಸಾಕು. ಇದು ಎಂಗೆ ವಡೀತದೆ ಅಂತ ತೋರುಸ್ಬೇಕು. ತತ್ತಾ ಇಲ್ಲಿ, ಮೊದ್ಲು ನಾನು."

"ಅಪ್ಪಾ, ಕೈ..."

"ಕೈಗೇನಾಗದೆ? ವರ್ಷ್‌ಪೂರ್ತಿ ಇದನ್ನೇ ಉಜ್ಜೀನಿ. ಇದರ ಮೈ ನನ್ ಕೈಗೆ ಗೊತ್ತು."

ಕೋಚ್ ಅವರನ್ನು ಮೇಜಿನ ಮುಂದೆ ಕೂರಿಸಿ, ನಳಿಗೆಯ ಕೆಳಗೆ ಮರಳಿನ ಚೀಲ ಇಟ್ಟರು. ಐವತ್ತು ಮೀಟರ್ ಆಚೆ ಬಿಳಿ ಹಲಗೆ. ಪುಟ್ಟಮಾದಪ್ಪನವರು ಹಿಡಿಯನ್ನು ಕೆನ್ನೆಗೆ ಒತ್ತಿಕೊಂಡರು. ಉಸಿರು ಹಿಡಿದರು, ಬಿಟ್ಟರು, ಇನ್ನೊಮ್ಮೆ ಹಿಡಿದರು. ಗುಂಡು ಹಾರಿತು. ಗುಡ್ಡದ ಕಡೆಯಿಂದ ಸದ್ದು ತಿರುಗಿ ಬರುವ ಮೊದಲೇ ಅವರು ಬೋಲ್ಟ್ ಎಳೆದಿದ್ದರು. ಇನ್ನೊಂದು. ಮತ್ತೊಂದು.

ಕೋಚ್ ದುರ್ಬೀನಿನಲ್ಲಿ ನೋಡಿದರು. ಗುಂಡು ಹಾರುತ್ತಿದೆ ಎಂದು ಎಚ್ಚರಿಸುವ ರೇಂಜಿನ ಕೆಂಪು ಬಾವುಟ ಇಳಿಸಿ, ತಾವೇ ನಡೆದು ಹೋಗಿ ಹಲಗೆಯ ಕಾಗದವನ್ನು ಕಿತ್ತು ತಂದರು. ನಡುವಿನ ಕಪ್ಪು ವೃತ್ತದೊಳಗೆ ಮೂರು ತೂತು. ಮೂರನ್ನೂ ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು.

"ಅಯ್ಯೋ ಶಿವನೇ!" ಎಂದ ಮಾದಸ್ವಾಮಿ. ತಾನೂ ಮೇಜಿಗೆ ಕೂತು ಹೊಡೆದು ನೋಡಿದ. ಅವನವೂ ಒಂದಕ್ಕೊಂದು ಒತ್ತಿಕೊಂಡೇ ಬಿದ್ದವು. ಎದ್ದವನ ಮುಖ ಕೆಂಪಾಗಿತ್ತು. "ಮೇಡಂ, ಒಂದೂವರೆ ಲಕ್ಷ ಕೊಡ್ತೀನಿ. ಬೇರೆ ಯಾರ್ಗೂ ತೋರುಸ್ಬ್ಯಾಡಿ."

ಶಾಂತಮೂರ್ತಿ ಸೌಮ್ಯಳ ಮೊಣಕೈ ಜಗ್ಗಿದ. ಅವಳು ನಕ್ಕಳು.

"ಚೆನ್ನಾಗಿ ಹೊಡೆಯುತ್ತೆ ಅನ್ನೋದನ್ನ ಸೇರಿಸೇ ನಾನು ಬೆಲೆ ಹೇಳಿದ್ದು. ಈಗ ನೀವು ಕಣ್ಣಾರೆ ಕಂಡಿರಿ ಅಂತ ಅದು ಏರಲ್ಲ. ಒಂದು ಇಪ್ಪತ್ತು."

ಮಾದಸ್ವಾಮಿ ಹಣದ ಮಾತು ಬಿಟ್ಟು ಪುಟ್ಟಮಾದಪ್ಪನವರ ಕಾಲು ಮುಟ್ಟಿ ನಮಸ್ಕರಿಸಿದ. "ಈ ವರ್ಸದ ಪಂದ್ಯದಲ್ಲಿ ಇದ್ರಲ್ಲೇ ವಡೀತೀನಿ ಬುದ್ಧಿ. ನೀವು ಬಂದು ಮುಂದೆ ಕೂತ್ಕಬೇಕು."

"ಬತ್ತೀನಿ. ನಿನ್ ಬಲಗಡೆ ಹೆಗಲು ಜಾಸ್ತಿ ಎತ್ತೀಯೆ, ಅದ ಇಳುಸ್ಕೊ ಮೊದ್ಲು" ಎಂದರು ಪುಟ್ಟಮಾದಪ್ಪನವರು.

ಪೊಲೀಸ್ ಠಾಣೆ, ಡಿ.ಸಿ. ಆಫೀಸಿನ ಕೆಲಸಗಳೆಲ್ಲ ಮುಗಿದು ರೈಫಲ್ ಹನೂರಿಗೆ ಹೋಯಿತು. ಅದು ಹೋದ ದಿನ ಪುಟ್ಟಮಾದಪ್ಪನವರು ಮಂಕಾಗುತ್ತಾರೆಂದು ಸೌಮ್ಯ ಹೆದರಿದ್ದಳು. ಅವರಿಗೆ ಅದಕ್ಕೆಲ್ಲ ಪುರಸೊತ್ತೇ ಇರಲಿಲ್ಲ. ಹೊಸ ಪಂಚೆ ಉಟ್ಟು ಯಳಂದೂರಿನ ಹೋಟೆಲಿಗೆ ಹೋಗಿ, ಬಂದವರಿಗೆಲ್ಲ ಆ ಮೂರು ಗುಂಡಿನ ಕಥೆ ಹೇಳುತ್ತಾ ಕೂತರು. ವಾರ ಕಳೆಯುವಷ್ಟರಲ್ಲಿ ಐವತ್ತು ಮೀಟರ್ ನೂರಾಯಿತು. ಮರಳಿನ ಚೀಲ ಮಾಯವಾಗಿ ಅವರು ನಿಂತೇ ಹೊಡೆದದ್ದಾಯಿತು. ಶಾಂತಮೂರ್ತಿಯೂ ಸತ್ತೇಗಾಲದಲ್ಲಿ ಹಾಗೇ ಹೇಳಿಕೊಂಡು ತಿರುಗುತ್ತಿದ್ದ. ಸೌಮ್ಯ ಯಾರನ್ನೂ ತಿದ್ದಲು ಹೋಗಲಿಲ್ಲ. ಆದರೆ ಎಷ್ಟಕ್ಕೆ ಕೊಟ್ಟಿರಿ ಎಂದು ಯಾರಾದರೂ ಕೇಳಿದರೆ ಮಾತ್ರ ಪುಟ್ಟಮಾದಪ್ಪನವರು ಬೆನ್ನು ನೆಟ್ಟಗೆ ಮಾಡಿ ಕೂತು, "ಒಂದು ಲಕ್ಷದ ಇಪ್ಪತ್ತು ಸಾವ್ರ. ನನ್ ಮಗಳು ಕಟ್ಟಿದ್ದು" ಎನ್ನುತ್ತಿದ್ದರು. ಆ ಲೆಕ್ಕದಲ್ಲಿ ಒಂದು ರೂಪಾಯಿಯನ್ನೂ ಅವರು ಏರಿಸಲಿಲ್ಲ.