ಜಗಲಿಗೆ ಹಾರಿದ ಬೂದಿ

ನೀರು ಕುಡಿಯದ ಕಾಂಕ್ರೀಟ್ ಮಾಡಬಲ್ಲವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಕಸ ಸುಡುವ ಕಾರ್ಖಾನೆಯ ಬೂದಿಯನ್ನು ಅಕ್ಕನ ಹಿತ್ತಿಲಿಗೆ ತಂದು ಸುರಿಸಿದ್ದೆ. ಗುಡ್ಡ ಎಂದರೆ ಮೋಡಗಳೂ ಬಳಸಿಕೊಂಡು ಹೋಗುವಂಥ ಗುಡ್ಡ! ಗಾಳಿ ಬೀಸಿದರೆ ಬಟ್ಟೆ, ಜಗಲಿ, ಅಕ್ಕನ ಮೂಗು, ಎಲ್ಲ ಬೂದಿಮಯ. ದಿನಾ ಪೊರಕೆ ನನ್ನ ಕೈಗೇ.

ಆ ಬೂದಿಯನ್ನು ಸಿಮೆಂಟಿಗೆ ಬೆರೆಸಿ ಹಾಕಿದ ಮೊದಲ ಬ್ಲಾಕನ್ನು ಕಾಂಕ್ರೀಟ್ ಪರೀಕ್ಷಿಸುವ ಲ್ಯಾಬಿನ ಮೇಡಮ್ಮು ಒಣಗಿಸಿ ತೂಗಿದರು, ನೀರಲ್ಲಿ ಮುಳುಗಿಸಿ ಮತ್ತೆ ತೂಗಿದರು. ಹೀರಿದ್ದು ಗುಬ್ಬಿಯ ಗುಟುಕು.

"ಎರಡನೇದೂ ಪಾಸಾದ್ರೆ ನೀರಿನ ಟ್ಯಾಂಕಿನ ಕೆಲಸ ನಮ್ದೇ. ಗುಡ್ಡ ಕರಗಿಹೋಗುತ್ತೆ" ಎಂದೆ, ಮನೆಗೆ ಬಂದು ಅಕ್ಕನಿಗೆ.

"ಫೇಲಾದ್ರೆ ಗುಡ್ಡಾನೂ ನೀನೂ ಒಟ್ಟಿಗೇ ಆಚೆ" ಎಂದ ಅಕ್ಕ, ಗುಡ್ಡಕ್ಕೆ ನನ್ನಿಂದಲೇ ಟಾರ್ಪಾಲು ಕಟ್ಟಿಸಿದಳು.

ಎರಡನೇ ಬ್ಲಾಕು ಬೇಸಿಗೆಯ ಎಮ್ಮೆಯ ಹಾಗೆ ಕುಡಿಯಿತು. ತೊಟ್ಟಿಯ ತಳ ಕಾಣುವುದೊಂದು ಬಾಕಿ.

"ಮೇಡಮ್, ನಿಮ್ಮ ತಕ್ಕಡಿಗೆ ಜ್ವರ ಬಂದಿದೆ."

"ತಕ್ಕಡಿ ಗಟ್ಟಿಮುಟ್ಟಾಗಿದೆ. ದಾಹ ನಿಮ್ಮ ಬ್ಲಾಕಿಗೆ." ಒಡೆದು ತೋರಿಸಿದರು. "ಈ ಕರಿ ಚೂರು ನೋಡಿ, ಅರ್ಧ ಸುಟ್ಟ ಇದ್ದಿಲು. ನೀರು ಹೀರೋದು ಇದೇ. ಮೊದಲನೇದ್ರಲ್ಲಿ ಬೂದಿ ಪೌಡರಿನ ಹಾಗೆ ನುಣ್ಣಗಿತ್ತು, ಸಂದುಗೊಂದು ಮುಚ್ಚಿತ್ತು. ಅದನ್ನ ಎಲ್ಲಿಂದ ತಂದಿದ್ರಿ?"

ಅದೇ ಗುಡ್ಡದಿಂದ ಎನ್ನಹೊರಟವನಿಗೆ ಆಗ ನೆನಪಾಯಿತು. ಮೊದಲ ಬ್ಲಾಕಿಗೆ ಹಾಕಿದ್ದು ಜಗಲಿಯಲ್ಲಿ ಗುಡಿಸಿದ್ದು! ದೂರ ಹೋಗಿ ಎಸೆಯಲು ಸೋಮಾರಿತನವಾಗಿ ಮಿಕ್ಸರಿಗೇ ಸುರಿದಿದ್ದೆ. ಗಾಳಿ ಇದ್ದಿಲನ್ನು ಗುಡ್ಡದಲ್ಲೇ ಬಿಟ್ಟು ನುಣ್ಣನೆಯ ಬೂದಿಯನ್ನಷ್ಟೇ ಹೊತ್ತು ತಂದಿತ್ತು. ಲೋಕದ ಅತಿ ದೊಡ್ಡ ಜರಡಿಗೆ ನಾನೇ ಟಾರ್ಪಾಲು ಹೊದಿಸಿಬಿಟ್ಟಿದ್ದೆ.

"ಇನ್ನೊಂದು ಸಲ ನೋಡೋಣ. ಅದೇ ಕೊನೆ" ಎಂದರು ಮೇಡಮ್ಮು.

ಹಲ್ಲು ಕಡಿಯುತ್ತಾ ಮನೆಗೆ ಬಂದೆ. ಹಿತ್ತಿಲ ತುಂಬ ಅಕ್ಕ ಆಗಷ್ಟೇ ಒಗೆದು ಹರವಿದ ಬಿಳಿ ಹೊದಿಕೆಗಳು. ಸದ್ದಿಲ್ಲದೆ ಟಾರ್ಪಾಲಿನ ಹಗ್ಗಕ್ಕೆ ಕೈ ಹಾಕಿದೆ.

"ಪಾಸಾಯ್ತೇನೋ?"

"ಆದ ಹಾಗೇ ಅಕ್ಕಾ. ಸ್ವಲ್ಪ ಗಾಳಿ ಬೇಕು, ಅಷ್ಟೇ."

"ಆ ಗಂಟು ಬಿಚ್ಚು, ನಿನ್ನ ಗಾಳಿ ನಾನು ಬಿಡಿಸ್ತೀನಿ!"

ಇದ್ದದ್ದು ಇದ್ದ ಹಾಗೆ ಹೇಳಬೇಕಾಯಿತು. ಕೇಳಿ ಒಳಗೆ ಹೋದವಳು ಏನೋ ತಂದು ನನ್ನ ಕೈಗೆಸೆದಳು. "ಕೂತು ಸೋಸು. ಒಂದು ಚೂರು ಹಾರಿದ್ರೂ ಊಟ ಇಲ್ಲ."

ಗುಡ್ಡವನ್ನು ನೋಡಿದೆ. ಕೈಯಲ್ಲಿದ್ದದ್ದನ್ನು ನೋಡಿದೆ. ಇದೊಂದನ್ನು ಮಾತ್ರ ಉಬ್ಬಿಸಿ ಹೇಳುತ್ತಿಲ್ಲ: ಅದು ಟೀ ಸೋಸುವ ಜರಡಿ.