ಬಲಗಾಲು ಮುಂದು

ಲೂದ್ವಿಕ್ ಹಿಮದ ಮೇಲೆ ಮಂಡಿಯೂರಿ, ಕೈಗವಸು ಕಳಚಿ, ಸ್ನೋಬೋರ್ಡಿನ ಹಲಗೆ ಕೊರೆದುಹೋದ ಗೆರೆಯೊಳಗೆ ಬೆರಳಿಳಿಸಿ ನೋಡಿದ. ಎರಡು ಗೆಣ್ಣು ಆಳವಿತ್ತು. ಗೆರೆಯ ದಡಗಳು ಆಗಲೇ ಹೆಪ್ಪುಗಟ್ಟಿ ಗಟ್ಟಿಯಾಗಿದ್ದವು. ಈಗ ಎಂಟಕ್ಕೆ ಹತ್ತು ನಿಮಿಷ. ಇದನ್ನು ಎಳೆದವರು ಏಳಕ್ಕೂ ಮುಂಚೆಯೇ ಇಳಿದುಹೋಗಿದ್ದಾರೆ.

"ಹೊತ್ತಿಗೆ ಮುಂಚೆ ಯಾರೋ ಇಳೀತಿರೋದು ಇದು ಮೂರನೇ ದಿನ," ಎಂದ ಲಿಫ್ಟಿನ ಮೇಲ್ವಿಚಾರಕ ಪೆರ್ನಾತ್, ಅವನ ಬೆನ್ನಿಗೇ ನಿಂತು. "ಹಿಮ ಬಾಚೋ ಯಂತ್ರಾನ ಮೇಲಿಂದ ಎಳೆದು ಹಿಡಿಯೋ ಉಕ್ಕಿನ ಹಗ್ಗ ಬೆಳಗಿನ ಜಾವ ಯಾವ ಕಡೆ ಬಿಗಿದಿರತ್ತೋ ಯಾರಿಗೆ ಗೊತ್ತು? ಅದಕ್ಕೆ ಸಿಕ್ಕಿದ್ರೆ ಮನುಷ್ಯ ಎರಡು ತುಂಡು. ಆಮೇಲೆ ಜೈಲಿಗೆ ಹೋಗೋನು ನಾನು."

"ನಮ್ಮೋರಲ್ಲ."

"ನಿಮ್ಮೋರಲ್ದೆ ಇನ್ಯಾರು ಸ್ವಾಮಿ? ಈ ಕಣಿವೇಲಿ ಒಂಟಿ ಹಲಗೆ ಮೇಲೆ ಹೀಗೆ ಮಲಕ್ಕೊಂಡು ಇಳಿಯೋ ಹುಚ್ಚರು ನೀವು ನಾಕು ಜನ ಬಿಟ್ರೆ ಯಾರಿದಾರೆ? ಭಾನುವಾರದೊಳಗೆ ಹೆಸರು ಹೇಳಿ. ಇಲ್ದಿದ್ರೆ ನಿಮ್ಮ ಪಟ್ಟಿ ಬಂದ್."

ಪಟ್ಟಿ ಎಂದರೆ ಇಳಿಜಾರಿನ ಎಡಬದಿಯಲ್ಲಿ ಎಂಟು ಮಾರು ಅಗಲದ ಜಾಗ. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ, ತೋಳಿಗೆ ಕೆಂಪು ಬಟ್ಟೆ ಕಟ್ಟಿಕೊಂಡವರಿಗೆ ಮಾತ್ರ. ಯಂತ್ರ ಬಾಚಿಹೋದ ಹಿಮ ಬಾಚಣಿಗೆ ಎಳೆದ ತಲೆಯಂತೆ ಗೀರುಗೀರಾಗಿ ಕಾದಿರುತ್ತದೆ. ಅದರ ಮೇಲೆ ಹಲಗೆಯ ಅಂಚನ್ನು ನಿಲ್ಲಿಸಿ, ಮೈಯನ್ನು ಹಿಮಕ್ಕೆ ತಾಗುವಷ್ಟು ವಾಲಿಸಿ, ಒಂದು ತಿರುವಿನಿಂದ ಇನ್ನೊಂದಕ್ಕೆ ಹೊರಳುವ ಸುಖವನ್ನು ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಜೋಡಿ ಹಲಗೆಯ ಸ್ಕೀ ಜನ ಅಡ್ಡ ಬಂದು ಬೈಯದೆ ಇರುವ ಆ ಒಂದು ಗಂಟೆಗಾಗಿ ಲೂದ್ವಿಕ್ ಹನ್ನೊಂದು ವರ್ಷ ಇದೇ ಪೆರ್ನಾತನ ಕೈಕಾಲು ಹಿಡಿದಿದ್ದ. ಅದೀಗ ಕೈತಪ್ಪುವುದರಲ್ಲಿತ್ತು.

ಅವನು ಎದ್ದು ಗೆರೆಯ ಗುಂಟ ಇಳಿಯುತ್ತ ಹೋದ. ಎಡಕ್ಕೆ ಬಾಗಿದ ತಿರುವುಗಳ ಒಳಬದಿಯಲ್ಲಿ ಎದೆ, ಮೊಣಕೈ ಒರೆಸಿದ ಗುರುತುಗಳಿದ್ದವು. ಬಲಕ್ಕೆ ಬಾಗಿದವುಗಳಲ್ಲಿ ಹಿಮ್ಮಡಿಯ ಮೇಲೆ ಕೂತು ತಡಬಡಾಯಿಸಿದ ಗುರುತು. ಹಲಗೆಯ ಮೇಲೆ ಅಡ್ಡಡ್ಡ ನಿಲ್ಲುವುದರಿಂದ, ಎದೆ ಬೀಳುವುದು ಎಡಕ್ಕೆಂದರೆ ಬಲಗಾಲು ಮುಂದಿಟ್ಟು ನಿಲ್ಲುವವರು. ಮಗು ನಡೆಯಲು ಕಲಿತಾಗಲೇ ಯಾವ ಕಾಲು ಮುಂದು ಎಂಬುದು ತೀರ್ಮಾನವಾಗಿರುತ್ತದೆ, ಸಾಯುವ ತನಕ ಬದಲಾಗುವುದಿಲ್ಲ ಎಂದು ಲೂದ್ವಿಕ್ ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದ. ಅವನು ಎಡಗಾಲಿನವನು. ಫ್ರಾನ್ಸೆ ಮತ್ತವನ ತಮ್ಮ ಗ್ರೆಗಾ ಎಡಗಾಲಿನವರು. ಬಲಗಾಲು ಮುಂದಿಡುವವಳು ಗುಂಪಿನಲ್ಲಿ ಒಬ್ಬಳೇ.

ವಿದಾ ಅಷ್ಟರಲ್ಲಿ ಬಂದಳು. ಶಾಲೆಯ ಅಡುಗೆಮನೆಯಲ್ಲಿ ಹತ್ತರ ಮೇಲೆ ಕೆಲಸ, ಇಳಿಜಾರಿನ ಮೇಲ್ತುದಿಗೆ ಅಂಟಿದಂತೆ ಮನೆ, ಗುಂಪಿಗೆ ಸೇರಿ ಐದು ಚಳಿಗಾಲ. ಯಾವಾಗಲೂ ಬಂದೊಡನೆ, "ಏನ್ರಪ್ಪಾ, ಎಲ್ಲರ ಮಂಡಿಗೂ ಎಣ್ಣೆ ಬಿಟ್ಟಾಯ್ತಾ?" ಎಂದು ಕಾಲೆಳೆಯುವವಳು ಇವತ್ತು ಗೆರೆಯನ್ನು ನೋಡಿ ನಿಂತುಬಿಟ್ಟಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾಳೆ ನೋಡು, ಎಂದುಕೊಂಡ ಲೂದ್ವಿಕ್.

ಅನುಮಾನ ಒಮ್ಮೆ ಹೊಕ್ಕಿತೆಂದರೆ ಅದಕ್ಕೆ ಉಣ್ಣಲು ಏನಾದರೂ ಸಿಗುತ್ತಲೇ ಇರುತ್ತದೆ. ಅವಳ ಬೂಟು ಬೆಳಿಗ್ಗೆಯೇ ಯಾಕೆ ಒದ್ದೆ? ಕುರ್ಚಿಲಿಫ್ಟಿನಲ್ಲಿ ಪಕ್ಕ ಕೂತವಳು ಮುಖ ಯಾಕೆ ಆಚೆ ತಿರುಗಿಸಿದಳು? ಗುರುವಾರ ಸಂಜೆ ನೆಗಡಿ ಎಂದು ಬೇಗ ಮನೆಗೆ ಹೋದವಳು ಇವತ್ತು ಶುಕ್ರವಾರ ಒಮ್ಮೆಯಾದರೂ ಸೀನಿದಳೇ? ಮನೆ ಮೇಲೇ ಇದೆ, ಲಿಫ್ಟಿನ ಹಂಗಿಲ್ಲ, ಬೇಲಿ ದಾಟಿದರೆ ಪಟ್ಟಿ. ಐದು ವರ್ಷದ ಹಿಂದೆ ಅವಳನ್ನು ಸೇರಿಸಿಕೊಳ್ಳೋಣ ಎಂದು ಹಳೆಯ ಗೆಳೆಯ ಯೊಷ್ಕೊ ಹೇಳಿದಾಗ ತನಗೆ ಪೂರ್ತಿ ಮನಸ್ಸಿರಲಿಲ್ಲ ಎಂಬುದೂ ಅವನಿಗೆ ನೆನಪಾಯಿತು. ಹಾಗೆ ನೋಡಿದರೆ ಮನಸ್ಸಿತ್ತು. ಆದರೆ ಈಗ ಇರಲಿಲ್ಲ ಎಂದೇ ನೆನಪಾಯಿತು.

ಅಂದೇ ಒಂಬತ್ತಕ್ಕೆ ಎಲ್ಲರೂ ಇಳಿಜಾರಿನ ಮೇಲ್ತುದಿಯ ಗುಡಿಸಲಿನಲ್ಲಿ ಸೇರಿದರು. ಗುಡಿಸಲು ನೋಡಿಕೊಳ್ಳುತ್ತಿದ್ದವನು ಯೊಷ್ಕೊ. ಲೂದ್ವಿಕ್ ಮತ್ತು ಅವನು ಮೂವತ್ತೈದು ವರ್ಷ ಒಂದೇ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು, ಒಂದೇ ಇಳಿಜಾರಿನಲ್ಲಿ ಬಿದ್ದೆದ್ದವರು. ಹೋದ ವರ್ಷ ಎಡ ಮಂಡಿ ಬದಲಿಸಿದ ಮೇಲೆ, ಇನ್ನು ಹಲಗೆಯ ಸುದ್ದಿ ಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಪೆರ್ನಾತ್ ಪಾಪ ಎಂದು ಗುಡಿಸಲಿನ ಕೀಲಿ ಕೊಟ್ಟಿದ್ದ. ದಿನಾ ನಸುಕಿಗೇ ಸಾಮಾನಿನ ಗಾಡಿಯಲ್ಲಿ ಮೇಲೆ ಬಂದು, ಒಲೆ ಹಚ್ಚಿ, ಚಹಾಕ್ಕೆ ರಮ್ಮು ಹನಿಸಿ ಕೊಡುವುದು ಅವನ ಕೆಲಸ.

"ವಿದಾ," ಎಂದ ಲೂದ್ವಿಕ್, "ಹೊತ್ತಿಗೆ ಮುಂಚೆ ಇಳೀತಿರೋದು ನೀನಾ?"

ಫ್ರಾನ್ಸೆ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ. ಯೊಷ್ಕೊ ಬೆನ್ನು ತಿರುಗಿಸಿ ಕೆಟಲ್ಲಿನಿಂದ ಚಹಾ ಸುರಿಯುತ್ತಿದ್ದ.

"ನೀನು ಏನಂತ ಅಂದ್ಕೊಂಡಿದೀಯಾ?" ಎಂದಳು ಅವಳು.

"ನಾನಂದ್ಕೊಳ್ಳೋದು ಬೇಡ. ಗೆರೆ ಸುಳ್ಳು ಹೇಳಲ್ಲ. ಬಲಗಾಲು ಮುಂದು."

"ಗೆರೆ ಸರಿಯಾಗಿ ನೋಡಿದ್ಯಾ?"

"ಮೂವತ್ತೈದು ವರ್ಷದಿಂದ ನೋಡ್ತಿದೀನಿ ತಾಯೀ. ನೀನು ನಂಗೆ ಹೇಳ್ಕೊಡಬೇಡ."

ಅವಳ ಕಣ್ಣು ಅವನ ಮೇಲಿರಲಿಲ್ಲ, ಒಲೆಯ ಕಡೆ ಇತ್ತು. ಕಣ್ಣು ತಪ್ಪಿಸುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಆಮೇಲೆ ಅವಳು ತೋಳಿನ ಕೆಂಪು ಬಟ್ಟೆ ಬಿಚ್ಚಿ, ಮಡಿಸಿ, ಬಟ್ಟಲಿನ ಪಕ್ಕ ಇಟ್ಟು ಎದ್ದು ಹೋದಳು. ಚಹಾ ಮುಟ್ಟಿರಲಿಲ್ಲ.

"ಅಲ್ಲ ಅನ್ನಲಿಲ್ವಲ್ಲೋ," ಎಂದ ಗ್ರೆಗಾ.

"ಏನಂತ ಅಂತಾಳೆ?" ಎಂದ ಲೂದ್ವಿಕ್. ಯೊಷ್ಕೊ ಒಲೆಗೆ ಸೌದೆ ತುರುಕುತ್ತಲೇ ಇದ್ದ.

ಮಾರನೆಯ ದಿನ ಬೆಳಿಗ್ಗೆ ಪಟ್ಟಿಯ ಮೇಲೆ ಮತ್ತೆ ಗೆರೆ! ಲೂದ್ವಿಕನಿಗೆ ಮೈಯೆಲ್ಲ ಉರಿದುಹೋಯಿತು. ಎಲಾ ಇವಳ ಭಂಡತನವೇ! ಸಿಕ್ಕಿಬಿದ್ದ ಮೇಲೂ ನಮ್ಮ ಮೂಗಿನ ಮೇಲೇ ಗೆರೆ ಎಳೆಯುತ್ತಾಳಲ್ಲ. ಪೆರ್ನಾತನಿಗೆ ಹೆಸರು ಹೇಳುವುದಾದರೆ ಕಣ್ಣಾರೆ ಕಂಡೇ ಹೇಳುತ್ತೇನೆ, ಆಗ ಯಾವ ಬಾಯಿಂದ ಗೆರೆ ಸರಿಯಾಗಿ ನೋಡು ಎನ್ನುತ್ತಾಳೋ ನೋಡೋಣ ಎಂದು ನಿಶ್ಚಯಿಸಿದ. ಭಾನುವಾರ ಐದೂವರೆಗೆ ಹೊರಟು, ಕಾಡಿನ ದಾರಿ ಹಿಡಿದು ಏದುಸಿರು ಬಿಡುತ್ತ ಹತ್ತಿ, ಪಟ್ಟಿಯ ಪಕ್ಕದ ದೇವದಾರು ಮರದಡಿ ಕೂತ. ಅವಳ ಮನೆಯ ಬಾಗಿಲು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಅವನು ಆ ಬಾಗಿಲನ್ನೇ ನೋಡುತ್ತ ಕೂತ.

ಬಾಗಿಲು ತೆರೆಯಲಿಲ್ಲ. ಹಿಮ ಕೊರೆಯುವ ಸದ್ದು ಬೆನ್ನ ಹಿಂದೆ, ಪಟ್ಟಿಯ ಕಡೆಯಿಂದ ಕೇಳಿಸಿತು. ತಿರುಗಿದ. ಬೂದು ಬೆಳಕಿನಲ್ಲಿ ಯಾರೋ ಇಳಿದು ಬರುತ್ತಿದ್ದರು. ಬಲಗಾಲು ಮುಂದು. ಎಡಕ್ಕೊಂದು ತಿರುವು, ಎದೆ ಹಿಮಕ್ಕೆ ಸವರುವಷ್ಟು ತಗ್ಗಿ, ಸೊಗಸಾಗಿ. ಬಲಕ್ಕೆ ಹೊರಳಿದ್ದೇ ಹಲಗೆ ತಟತಟ ಎಂದು ಕುಣಿದು, ಮನುಷ್ಯ ಅಂಡು ಊರಿ ಬಿದ್ದು, ಹತ್ತು ಮಾರು ಜಾರಿ ಅವನ ಮರದ ಮುಂದೆಯೇ ಬಂದು ನಿಂತ.

"ಏಳೋ ಮುದುಕಾ, ಏಳು," ಎಂದುಕೊಂಡಿತು ಆ ಆಕೃತಿ. ಯೊಷ್ಕೊ.

ಲೂದ್ವಿಕನಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಅವನು ಮರದಡಿಯಿಂದ ಎದ್ದು ಬಂದ. ಯೊಷ್ಕೊ ಅವನನ್ನು ನೋಡಿ ಏಳುವ ಪ್ರಯತ್ನ ಬಿಟ್ಟು ಹಿಮದಲ್ಲೇ ಕೂತ.

"ಎಷ್ಟು ದಿನದಿಂದ?"

"ಎರಡು ವಾರ. ಮೊದಲು ಗುಡಿಸಲ ಹಿಂದೆ ಆಡ್ತಿದ್ದೆ. ಈ ಅರವತ್ತೊಂದನೇ ವಯಸ್ಸಲ್ಲಿ ಕೂಸಿನ ಥರ ಬೀಳ್ತಿದ್ದೆ ಕಣೋ. ಎಡ ಮಂಡಿ ಭಾರ ತಡಿಯಲ್ಲ ಅಂದ್ರಲ್ಲ ಡಾಕ್ಟ್ರು? ಮುಂದೆ ಇದ್ರೆ ತಾನೆ ಭಾರ? ಹಿಂದಕ್ಕೆ ಹಾಕ್ಕೊಂಡೆ."

"ಹಾಗೆ ಮಾಡಬಹುದು ಅಂದ್ರಾ?"

"ಅವರನ್ನ ಯಾರು ಕೇಳೋಕೆ ಹೋದ್ರು?"

ನಗು ಬರುವಂತಿತ್ತು. ಬರಲಿಲ್ಲ.

"ಶುಕ್ರವಾರ ನೀನು ಅಲ್ಲೇ ಇದ್ದೆ," ಎಂದ ಲೂದ್ವಿಕ್. "ಚಹಾ ಸುರೀತಾ ಇದ್ದೆ."

"ಹೇಳಬೇಕು ಅಂದ್ಕೊಂಡೆ. ನಾಲಿಗೆ ಏಳಲಿಲ್ಲ. ಗೊತ್ತಾದ್ರೆ ಪೆರ್ನಾತ್ ಕೀಲಿ ಕಿತ್ಕೋತಾನೆ. ಆಮೇಲೆ ನಂಗೇನಿದೆ ಹೇಳು? ಮನೆ ಕಿಟಕೀಲಿ ಕೂತು ಬೆಟ್ಟ ನೋಡೋದು."

"ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿತಂತೆ!"

"ಒರೆಸಿದ್ದು ನೀನು," ಎಂದ ಯೊಷ್ಕೊ ಮೆಲ್ಲಗೆ. "ನಾನು ಸುಮ್ನಿದ್ದೆ. ಅದೂ ತಪ್ಪೇ. ಆದ್ರೆ ಒರೆಸಿದ್ದು ನೀನು ಕಣೋ."

ವಿದಾ ಮನೆಯ ಹಿಂದೆ ಸೌದೆ ಒಡೆಯುತ್ತಿದ್ದಳು. ಲೂದ್ವಿಕ್ ಬಂದದ್ದನ್ನು ಕಂಡೂ ಕೊಡಲಿ ಇಳಿಸಲಿಲ್ಲ. ಅವನು ಅವಳು ಬಿಟ್ಟುಹೋಗಿದ್ದ ಕೆಂಪು ಬಟ್ಟೆಯನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ಹೇಗೆ ಶುರು ಮಾಡುವುದೆಂದು ತಿಳಿಯದೆ ನಿಂತ.

"ಯೊಷ್ಕೊ," ಎಂದ ಕೊನೆಗೆ.

"ಹೂಂ."

"ನಿಂಗೆ ಗೊತ್ತಿತ್ತಾ?"

"ಗೆರೆ ನೋಡಿದ ಕೂಡಲೇ." ಅವಳು ಇನ್ನೊಂದು ತುಂಡು ನಿಲ್ಲಿಸಿದಳು. "ತಿರುವಿನ ಕೊನೆ ನೋಡಲಿಲ್ವಾ ನೀನು? ಮುಗಿದ ಮೇಲೂ ಗೆರೆ ಬಿಡಲ್ಲ, ವಾಪಸ್ ಮೇಲಕ್ಕೆ, ಗುಡ್ಡದ ಕಡೆಗೇ ಎಳ್ಕೊಂಡು ಹೋಗತ್ತೆ. ಬೀಗ ಹಾಕಿದ್ನೋ ಇಲ್ವೋ ಅಂತ ಮನೆಗೆ ವಾಪಸ್ ಹೊರಟೋನ ಹಾಗೆ. ಹಾಗೆ ಇಳಿಯೋನು ಈ ಕಣಿವೇಲಿ ಒಬ್ಬನೇ."

ಅದು ನಿಜ. ಮೂವತ್ತೈದು ವರ್ಷ ಅದೇ ತಿರುವಿನ ಹಿಂದೆ ಇಳಿದವನು ಲೂದ್ವಿಕ್. ತಿರುವಿನ ಈ ಬಾಲಕ್ಕೆ ಸಿಕ್ಕಿ ಎಡವಿ ಬಿದ್ದು ಯೊಷ್ಕೊಗೆ ಬೈದದ್ದಕ್ಕೆ ಲೆಕ್ಕವಿಲ್ಲ. ಆದರೂ ಮಂಡಿಯೂರಿ ಕೂತು ನೋಡಿದಾಗ ಅವನ ಕಣ್ಣಿಗೆ ಬಿದ್ದದ್ದು ಒಂದು ಕಾಲು ಮಾತ್ರ.

"ಹಾಗಾದ್ರೆ ನೀನ್ಯಾಕೆ ಬಾಯಿ ಬಿಡಲಿಲ್ಲ?"

"ಅವನೇ ಬಿಡ್ತಾನೆ ಅಂತ ಕಾದೆ." ಕೊಡಲಿ ಬಿತ್ತು, ಸೌದೆ ಎರಡಾಯಿತು. "ಮತ್ತೆ, ನೀನು ನನ್ನ ಕೇಳಲಿಲ್ಲ. ನೀನೇ ತೀರ್ಮಾನ ಹೇಳ್ದೆ ಅಷ್ಟೆ."

"ತಪ್ಪಾಯ್ತು ವಿದಾ. ದೊಡ್ಡ ತಪ್ಪಾಯ್ತು."

"ಹೂಂ," ಎಂದಳು. ಬಟ್ಟೆ ತೆಗೆದುಕೊಳ್ಳಲು ಕೈ ಚಾಚಲಿಲ್ಲ. ಅವನು ಅದನ್ನು ಒಡೆದ ಸೌದೆಯ ಮೇಲೆ ಇಟ್ಟು ಬಂದ.

ಯೊಷ್ಕೊ ಅಂದೇ ಪೆರ್ನಾತನ ಮುಂದೆ ಹೋಗಿ ಎಲ್ಲ ಹೇಳಿಕೊಂಡ. ಪೆರ್ನಾತ್ ಬೈದ ಬೈಗುಳ ಟಿಕೆಟ್ ಕೊಡುವ ಕಿಟಕಿಯವರೆಗೂ ಕೇಳಿಸಿತಂತೆ. ಪಟ್ಟಿ ಉಳಿಯಿತು. ಗುಡಿಸಲಿನ ಕೀಲಿ ಹೋಯಿತು. "ಆಡೋ ಆಸೆ ಇದ್ರೆ ಕೆಳಗಡೆ ಚಿಕ್ಕ ಮಕ್ಕಳ ಇಳಿಜಾರಲ್ಲಿ ಆಡಿ, ಹಾಡುಹಗಲಲ್ಲಿ, ನಾಕು ಜನ ನೋಡೋ ಹಾಗೆ," ಎಂದು ಕೊನೆಗೆ ಹೇಳಿದನಂತೆ. ಅದು ಶಿಕ್ಷೆಯೋ ದಯೆಯೋ ಪೆರ್ನಾತನಿಗೇ ಗೊತ್ತಿದ್ದಂತಿರಲಿಲ್ಲ.

ಸೋಮವಾರ ಫ್ರಾನ್ಸೆ, ಗ್ರೆಗಾ ಬೆಳಗಿನ ಪಾಳಿಗೆ ಹೋಗಿದ್ದರು. ಎಂಟಕ್ಕೆ ಲೂದ್ವಿಕ್ ಒಬ್ಬನೇ ಕುರ್ಚಿಯಲ್ಲಿ ಕೂತು ಮೇಲೆ ಹೋದ. ಪಟ್ಟಿ ಉದ್ದಕ್ಕೂ ಬಾಚಿಟ್ಟಂತೆ ಬಿದ್ದಿತ್ತು. ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಇಂಥ ಬೆಳಗಿಗಾಗಿಯೇ ಹನ್ನೊಂದು ವರ್ಷ ಕಾದದ್ದು. ಅವನು ಮುಂದಿನ ಕಾಲನ್ನು ಹಲಗೆಗೆ ಬಿಗಿಯುವ ಕೊಕ್ಕೆ ಹಾಕಿದ. ಹಿಂದಿನ ಕಾಲನ್ನು ಹಾಕಲು ಬಗ್ಗಿದವನು ಹಾಗೇ ನಿಂತ. ತಿರುವು ಹೊಡೆದು ಕೆಳಗೆ ನಿಂತು, "ನೋಡಿದ್ಯಾ?" ಎಂದು ಯಾರನ್ನು ಕೇಳುವುದು?

ಕೊಕ್ಕೆ ಬಿಚ್ಚಿ, ಹಲಗೆ ಕಂಕುಳಲ್ಲಿಟ್ಟು, ಅವನು ಮತ್ತೆ ಲಿಫ್ಟಿನ ಹತ್ತಿರ ಬಂದ.

"ಏನಾಯ್ತು, ಮುರೀತಾ?" ಎಂದು ಕೇಳಿದ ಲಿಫ್ಟಿನವನು.

"ಇಲ್ಲ. ಕೆಳಗೆ ಹೋಗಬೇಕು."

"ಕುರ್ಚೀಲಿ? ನೀವು?"

ಲೂದ್ವಿಕ್ ಕೆಳಗಿಳಿಯುವ ಕುರ್ಚಿಯಲ್ಲಿ ಕೂತ. ಎದುರು ಕುರ್ಚಿಗಳಲ್ಲಿ ಮೇಲೆ ಬರುತ್ತಿದ್ದ ಸ್ಕೀ ಜನ ಅವನನ್ನು ಕಂಡು ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ನಕ್ಕರು. ಕೆಳಗೆ ಮಕ್ಕಳ ಇಳಿಜಾರಿನಲ್ಲಿ, ಬಣ್ಣಬಣ್ಣದ ಶಿರಸ್ತ್ರಾಣಗಳ ನಡುವೆ, ಯೊಷ್ಕೊ ಬಿದ್ದಿದ್ದ. ವಿದಾ ಅವನ ಮೇಲ್ಗಡೆ ನಿಂತು ಕೈ ತೋರಿಸಿ ಏನೋ ಹೇಳುತ್ತಿದ್ದಳು. ಅವಳ ತೋಳಿನಲ್ಲಿ ಕೆಂಪು ಬಟ್ಟೆ ಇರಲಿಲ್ಲ.

ಮಕ್ಕಳನ್ನು ಮೇಲಕ್ಕೊಯ್ಯುವ ರಬ್ಬರಿನ ಚಲಿಸುವ ಹಾಸಿನ ಮುಂದೆ ಸಾಲಿತ್ತು. ಯೊಷ್ಕೊ, ವಿದಾ ಸಾಲಿನ ಮುಂದಿದ್ದರು. ಲೂದ್ವಿಕ್ ಹಿಂದೆ ಹೋಗಿ ನಿಂತ.

"ತಾತಾ, ನೀನೂ ಕಲೀತೀಯಾ?" ಎಂದಳು ಅವನ ಮುಂದಿದ್ದ ಐದು ವರ್ಷದ ಹುಡುಗಿ, ಗಟ್ಟಿಯಾಗಿ.

ಯೊಷ್ಕೊ ತಿರುಗಿ ನೋಡಿದ. ಕೈಗವಸಿನಿಂದ ಮೂಗು ಒರೆಸಿಕೊಂಡ. ವಿದಾ ತಿರುಗಲಿಲ್ಲ. ಅವಳು ಹಾಸಿನ ಮೇಲೆ ಕಾಲಿಟ್ಟಳು, ಹಾಸು ಅವಳನ್ನು ಮೇಲಕ್ಕೊಯ್ದಿತು. ಅವಳ ಹಿಂದೆ ಯೊಷ್ಕೊ, ಆಮೇಲೆ ಒಂದೊಂದೇ ಮಗು. ಲೂದ್ವಿಕ್ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದ.