ಎಂಟು ಲೋಟ, ಒಂದು ಖಾಲಿ ಜಾಗ

“ಬ್ರಷ್ ತೊಳೆಯೋನ ಹೆಸರು ಓದೋಕೆ ಅರಸೀಕೆರೇಲಿ ಯಾರ್ಲಾ ಕಾಯ್ಕೊಂಡು ಕುಂತವ್ರೆ? ಎಂಟನೇ ಕ್ಲಾಸು ದಾಟಕ್ಕಾಗದ ದಂಡಪಿಂಡ!”

ಹೀಗೆಂದು ಚೆಲುವಾಚಾರಿ ಬೋರ್ಡಿನ ಕೆಳಮೂಲೆಯಲ್ಲಿ ಇನ್ನೂ ಹಸಿಯಾಗಿದ್ದ ಹೆಸರನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿಬಿಟ್ಟ. ಬೋರ್ಡು ಸುಲೋಚನಕ್ಕನ ಬ್ಯೂಟಿ ಪಾರ್ಲರಿನದು. ಅಕ್ಷರ ಬರೆದವನು ಹೊನ್ನೇಶ. ಆಚಾರಿಯ ಬೋರ್ಡಿನಂಗಡಿಯಲ್ಲಿ ಏಳು ವರ್ಷ ದುಡಿದವನು, ವಯಸ್ಸು ಇಪ್ಪತ್ತೆರಡು. ಹುಬ್ಬು ತೀಡಿಸಿಕೊಳ್ಳಲು ಬಂದಿದ್ದ ನಾಲ್ಕು ಹೆಂಗಸರು ಎಲ್ಲವನ್ನೂ ಕನ್ನಡಿಯಲ್ಲೇ ನೋಡಿದರು. ಇಬ್ಬರು ನಕ್ಕರು. ಹೊನ್ನೇಶ ಕೈಲಿದ್ದ ಬ್ರಷ್ಷನ್ನು ಡಬ್ಬಿಗೆ ಎಸೆದ.

ನಾನಾಗ ಅಲ್ಲೇ ಮೇಜಿನ ಮೇಲಿದ್ದೆ. ಹುಟ್ಟಿನಿಂದ ನಾನೊಂದು ಮದುವೆ ಕಾರ್ಡು. ಮದುವೆ ಮುಗಿದು ತಿಂಗಳಾಗಿತ್ತು. ಸುಲೋಚನಕ್ಕ ನನ್ನ ಮೇಲೆ ಟೀ ಲೋಟ ಇಡುತ್ತಿದ್ದಳು. ಮುಗಿದ ಮದುವೆಯ ಕಾರ್ಡಿಗೆ ಈ ಲೋಕದಲ್ಲಿ ಎಷ್ಟು ಮರ್ಯಾದೆ ಎಂದು ನನ್ನನ್ನು ಕೇಳಿ. ಹಾಗಾಗಿ ಆ ಹುಡುಗನ ಸಿಟ್ಟು ನನಗೆ ಯಾರೂ ಹೇಳಿಕೊಡದೆ ಅರ್ಥವಾಯಿತು.

ಸುಲೋಚನಕ್ಕ ಹುಬ್ಬು ತೀಡುವುದರ ಜೊತೆಗೆ ಟ್ಯಾರೋ ಕಾರ್ಡನ್ನೂ ಓದುತ್ತಿದ್ದಳು. ಬಂದವರು ಚಿತ್ರದ ಕಾರ್ಡುಗಳ ಕಟ್ಟಿನಿಂದ ಒಂದನ್ನು ಎಳೆಯಬೇಕು, ಆ ಚಿತ್ರ ಅವರ ಮನಸ್ಸಿಗೆ ಏನು ಹೇಳುತ್ತದೆಂದು ಅವಳು ಬಿಡಿಸಿ ಹೇಳಬೇಕು. “ಭವಿಷ್ಯ ಗಿವಿಷ್ಯ ನಂಗೊತ್ತಿಲ್ಲ. ನಿಮ್ಮ ಹೊಟ್ಟೇಲಿರೋದನ್ನ ಚಿತ್ರದ ಬಾಯಲ್ಲಿ ಹೇಳಿಸ್ತೀನಿ, ಅಷ್ಟೇ” ಎನ್ನುತ್ತಿದ್ದಳು. ಅವಳ ಕಟ್ಟಿನಲ್ಲಿ ಒಂದು ಕಾರ್ಡು ಕತ್ತರಿಸಿದ ಕೂದಲಿನ ಜೊತೆ ಗುಡಿಸಿಹೋಗಿತ್ತು. ಆಚಾರಿ ಹೋದ ಮೇಲೆ ಅವಳು ಹೊನ್ನೇಶನನ್ನು ಕೂರಿಸಿ, ಟ್ಯಾರೋ ಪುಸ್ತಕದಲ್ಲಿದ್ದ ಅದರ ಹೆಬ್ಬೆರಳಿನಷ್ಟು ಚಿತ್ರ ತೋರಿಸಿ, “ಇದನ್ನ ಬರ್ಕೊಡೋ” ಎಂದಳು.

ಅವನು ಲೋಟ ಪಕ್ಕಕ್ಕಿಟ್ಟು ನನ್ನನ್ನೆತ್ತಿದ. ಅಳತೆಗೆ ಕತ್ತರಿಸಿ, ಖಾಲಿ ಬೆನ್ನು ಮೇಲೆ ಮಾಡಿದ. ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ. ಆದರೆ ಬ್ರಷ್ ನನ್ನ ಮೈಗೆ ತಾಗಿತು ನೋಡಿ, ಕೈ ಹಗುರಾಯಿತು. ಆ ಕೈಯನ್ನು ನಾನು ಮರೆಯುವುದಿಲ್ಲ. ಅಷ್ಟು ಸಿಟ್ಟಿನಲ್ಲಿದ್ದವನು ನನ್ನನ್ನು ಅಷ್ಟು ಮೆತ್ತಗೆ ಮುಟ್ಟಿದ.

ಪುಸ್ತಕದ ಚಿತ್ರದಲ್ಲಿ, ಚಂದ್ರನ ಬೆಳಕಿನಲ್ಲಿ ಕೋಲು ಹಿಡಿದು ಬೆಟ್ಟದ ಕಡೆಗೆ ಹೊರಟ ಒಬ್ಬ ಮನುಷ್ಯ. ಅವನು ಬಿಟ್ಟುಬಂದ ಎಂಟು ಬಟ್ಟಲು, ಕೆಳಗೆ ಐದು, ಮೇಲೆ ಮೂರು. ಮೇಲಿನ ಸಾಲಿನಲ್ಲಿ ಒಂದು ಜಾಗ ಖಾಲಿ. ಹೊನ್ನೇಶ ಬಟ್ಟಲಿನ ಬದಲು ಟೀ ಅಂಗಡಿಯ ಲೋಟ ಬರೆದ. ಸುಲೋಚನಕ್ಕ ಕೈಗೆತ್ತಿಕೊಂಡು ಹುಬ್ಬು ಗಂಟಿಕ್ಕಿದಳು.

“ಪುಸ್ತಕದಲ್ಲಿ ಬೆನ್ನೈತಲ್ಲೋ. ನೀನು ಮುಖ ತಿರುಗಿಸಿದೀಯ?”

“ಬೆನ್ನು ತೋರಿಸೋ ಬೋರ್ಡಿಗೆ ಯಾವ ಗಿರಾಕಿ ಬರ್ತಾನಕ್ಕ?”

“ಇದು ಬೋರ್ಡಲ್ಲ ಕಣೋ. ಇಲ್ನೋಡು, ಒಂದು ಲೋಟಾನೂ ಒಡೆದಿಲ್ಲ, ಒಂದೂ ಚೆಲ್ಲಿಲ್ಲ. ಜೋಡಿಸಿದೋನೂ ಅವನೇ. ಆದ್ರೂ ಬಿಟ್ಟು ಹೋಗ್ತಾವ್ನೆ. ಆ ಖಾಲಿ ಜಾಗ ಇಲ್ಲಿದ್ರೆ ತುಂಬಲ್ಲ ಅಂತ ಅವನಿಗೆ ಗೊತ್ತಾಗೈತೆ. ನೀನು ನೋಡಿದ್ರೆ ಅದೇ ಜಾಗದಲ್ಲಿ ನಿನ್ನ ಹೆಸರು ಬರ್ದಿದೀಯಲ್ಲೋ!”

“ಖಾಲಿ ಇತ್ತು, ಬರ್ದೆ. ಇನ್ನೆಲ್ಲಿ ಬರೀಲಿ?”

ಅವಳು ಕಾರ್ಡನ್ನು ಬೆಳಕಿಗೆ ಹಿಡಿದಳು. “ನಿನ್ನೋನು ಇನ್ನೂ ಹೊರಟಿಲ್ಲ. ಯಾರಾದ್ರೂ ಕರೀತಾರಾ ಅಂತ ತಿರುಗಿ ನೋಡ್ತಾವ್ನೆ” ಎಂದಳು. ತಿದ್ದು ಎನ್ನಲಿಲ್ಲ. ಹಾಗೇ ಕಟ್ಟಿಗೆ ಸೇರಿಸಿದಳು.

ಕಟ್ಟಿನಲ್ಲಿ ನನ್ನದೊಂದು ಪಾಡು. ಉಳಿದವರ ಬೆನ್ನೆಲ್ಲ ಒಂದೇ ನೀಲಿ. ಮದುವೆ ಕಾರ್ಡಿನ ಮುಖವೇ ಈಗ ನನ್ನ ಬೆನ್ನು, ಅಲ್ಲಿ ಚಿನ್ನದ ಬಣ್ಣದ ಗಣಪತಿ. “ಗಣಪ ಬಂದವ್ನೆ, ಒಳ್ಳೇದೇ ಆಗುತ್ತೆ” ಎಂದು ಹೆಂಗಸರು ಕಣ್ಣಿಗೊತ್ತಿಕೊಂಡು ನನ್ನನ್ನೇ ಎಳೆಯುತ್ತಿದ್ದರು. ತಿರುಗಿಸಿದರೆ, ಎಲ್ಲವನ್ನೂ ಬಿಟ್ಟು ಹೊರಟವನು! ಅವರ ಮುಖ ಸಪ್ಪೆ.

ಬಸ್ ಕಂಡಕ್ಟರ್ ಮಂಗಳಾ ಮಾತ್ರ ಸಪ್ಪೆಯಾಗಲಿಲ್ಲ. ಅವಳಿಗೆ ನಿಶ್ಚಿತಾರ್ಥ ಆಗಿತ್ತು. ಹುಡುಗ ಕೆಟ್ಟವನಲ್ಲ, ಮನೆಯವರೂ ಒಳ್ಳೆಯವರು. ಆದರೆ ಮನಸ್ಸು ಒಪ್ಪುತ್ತಿರಲಿಲ್ಲ.

“ಒಂದೂ ಒಡೆದಿಲ್ಲ ಅಂದ್ಮೇಲೆ ಬಿಟ್ಟು ಹೋಗೋದು ತಪ್ಪಲ್ವಾ ಅಕ್ಕ?”

“ತಪ್ಪು ಅಂತ ಚಿತ್ರದಲ್ಲಿ ಎಲ್ಲೈತೆ? ಕೈಲಿ ಕೋಲು ನೋಡು, ದಾರಿ ಉದ್ದ ಅಂತ ಗೊತ್ತಿದ್ದೇ ಹೊರಟವ್ನೆ. ಚಂದ್ರನ ಮುಖ ನೋಡು, ಬಾಡೋಗೈತೆ. ದುಃಖ ಆಗಲ್ಲ ಅಂತ ಯಾರಂದ್ರು? ಅದನ್ನೂ ಹೊತ್ಕೊಂಡೇ ಹೋಗೋದು.”

ಮಂಗಳಾ ನನ್ನನ್ನು ಕೇಳಿ ತೆಗೆದುಕೊಂಡು ಹೋದಳು. ಒಂದು ವಾರ ಅವಳ ಟಿಕೆಟ್ ಬ್ಯಾಗಿನಲ್ಲಿ ಹಾಸನಕ್ಕೂ ತಿಪಟೂರಿಗೂ ತಿರುಗಿದೆ. ನನ್ನ ಒಂದು ತುದಿ ಮುರುಟಿತು. ತಂದುಕೊಡುವಾಗ ಅವಳ ಬೆರಳಿನಲ್ಲಿ ಉಂಗುರವಿರಲಿಲ್ಲ.

“ಈ ಮುಖ ಬರ್ದೋನು ಯಾರಕ್ಕ? ನನ್ನ ಸಂಕಟ ಅವನಿಗೆ ಹೆಂಗೆ ಗೊತ್ತಾಯ್ತು?”

“ಅಲ್ಲೇ ಐತಲ್ಲ, ಓದು.”

“ಹೊನ್ನೇಶ” ಎಂದು ಮಂಗಳಾ ಗಟ್ಟಿಯಾಗಿ ಓದಿದಳು. ಯಾರು ಕಾಯ್ಕೊಂಡು ಕುಂತವ್ರೆ ಎಂದಿದ್ದನಲ್ಲ ಆಚಾರಿ? ಇಗೋ, ಒಬ್ಬಳು ಓದಿದಳು! ನಾನು ಉಬ್ಬಿಹೋದೆ.

ಅಷ್ಟರಲ್ಲಿ ಹೊನ್ನೇಶ ಆಚಾರಿಯ ಅಂಗಡಿ ಬಿಟ್ಟಿದ್ದ. ಆಚಾರಿಯನ್ನು ಮನಸ್ಸಿನಿಂದ ಬಿಟ್ಟಿರಲಿಲ್ಲ. ಗೋಡೆ, ಲಾರಿ, ಶಾಲೆಯ ಕಾಂಪೌಂಡು, ಏನು ಬರೆದರೂ ಮೂಲೆಯಲ್ಲಿ ತನ್ನ ಹೆಸರು, ಪ್ರತಿ ಸಲವೂ ಹೋದ ಸಲಕ್ಕಿಂತ ದಪ್ಪ. ಒಮ್ಮೆಯಂತೂ ಅಂಗಡಿಯ ಹೆಸರಿಗಿಂತ ಅವನ ಹೆಸರೇ ದೊಡ್ಡದಾಗಿ, ಸಾಹುಕಾರ ಜಗಳಕ್ಕೆ ಬಂದಿದ್ದ. ಪಾರ್ಲರಿನ ಬೆಂಚಿಗೆ ಬಂದು ಕೂತಾಗಲೆಲ್ಲ ಒಂದೇ ಮಾತು: “ಒಂದಿನ ಜನರೆದುರಿಗೇ ಅವನಿಗೆ ಉತ್ತರ ಕೊಡ್ತೀನಕ್ಕ. ಹಿಂಗಂತೀನಿ, ಹಂಗಂತೀನಿ.” ನಾಲ್ಕು ವರ್ಷ ಅವನು ಕೂಡಿಟ್ಟ ಉತ್ತರಗಳೆಲ್ಲ ನನಗೆ ಬಾಯಿಪಾಠ.

ಈಗ ನನಗೆ ವಯಸ್ಸಾಗಿದೆ. ಹೊಸ ಕಟ್ಟು ಬಂದಿದೆ, ನಾನು ಕನ್ನಡಿಯ ಚೌಕಟ್ಟಿನ ಸಂದಿಯಲ್ಲಿದ್ದೇನೆ. ನನ್ನ ಚಂದ್ರನ ಅರ್ಧ ಬಣ್ಣ ಉದುರಿದೆ. ಕಳೆದ ತಿಂಗಳು ಸುಲೋಚನಕ್ಕ ಮಾಸಿದ ಬೋರ್ಡನ್ನು ಮತ್ತೆ ಬರೆಯಲು ಹೊನ್ನೇಶನನ್ನೇ ಕರೆಸಿದಳು. ಅವನು ಬಾಗಿಲಿಗೆ ಬೋರ್ಡು ಒರಗಿಸಿ ಬೆಳಗಿನಿಂದ ಬರೆದ. ಎಂಥ ಅಕ್ಷರ! ಒಂದೊಂದೂ ಈಗ ತಾನೇ ಸ್ನಾನ ಮಾಡಿ ಬಂದ ಹಾಗೆ. ಬೆಂಚಿನ ಮೇಲಿದ್ದ ಮಂಗಳಾ, ಉಳಿದ ಹೆಂಗಸರು ಮಾತು ಮರೆತು ನೋಡುತ್ತಿದ್ದರು.

ಕೊನೆಗೆ ಅವನು ಬ್ರಷ್ಷನ್ನು ಕೆಂಪಿನಲ್ಲಿ ಅದ್ದಿ ಕೆಳಮೂಲೆಗೆ ತಂದ. ಆಗ ಬೀದಿಯಿಂದ ಚೆಲುವಾಚಾರಿ ಬಂದು ನಿಂತ.

“ಬರಿಯಪ್ಪ, ಬರಿ ನಿನ್ನ ಹೆಸರ! ಒರೆಸೋ ಬಟ್ಟೆ ನನ್ನ ಹತ್ರಾನೇ ಐತೆ.”

ಹೆಂಗಸರು ಬಾಗಿಲಿಗೆ ಬಂದರು. ಈ ಸಲ ಯಾರೂ ನಗಲಿಲ್ಲ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ.

ಬ್ರಷ್ ಮೂಲೆಯ ಮೇಲೆ ನಿಂತಿತು. ಹೊನ್ನೇಶ ತಾನು ಬರೆದ ಸಾಲನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದ. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು ಪ್ಯಾಂಟಿಗೆ ಒರೆಸಿಕೊಂಡ. ಬಣ್ಣದ ಡಬ್ಬಿಗಳಿಗೆ ಮುಚ್ಚಳ ಹಾಕಿ ಚೀಲಕ್ಕೆ ತುಂಬಿದ.

“ಯಾಕ್ಲಾ, ನಾಲ್ಗೆ ಬಿದ್ದೋಯ್ತಾ? ಈ ಕೈಗೆ ಬ್ರಷ್ ಹಿಡಿಸಿದ್ದು ಯಾರು, ಹೇಳ್ಲಾ!”

ಹೊನ್ನೇಶ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ.

ಬೋರ್ಡಿನ ಮೂಲೆ ಖಾಲಿಯಾಗಿತ್ತು. ಒರೆಸುವ ಬಟ್ಟೆ ಆಚಾರಿಯ ಕೈಯಲ್ಲೇ ಉಳಿಯಿತು. ನನ್ನ ಮೇಲಿನ ಮನುಷ್ಯ ಇವತ್ತಿಗೂ ತಿರುಗಿ ನೋಡುತ್ತಿದ್ದಾನೆ, ನನ್ನ ಬಣ್ಣ ಪೂರ್ತಿ ಉದುರುವವರೆಗೂ ನೋಡುತ್ತಾನೆ. ನನ್ನನ್ನು ಬರೆದವನು ನೋಡಲಿಲ್ಲ. ಬಸ್ ಸ್ಟ್ಯಾಂಡಿನ ತಿರುವಿನವರೆಗೂ ನನಗೆ ಕಂಡದ್ದು ಅವನ ಬೆನ್ನೊಂದೇ.